ಪಕ್ಕದ ಮನೆಯ ಕಡೆಯ ಗೋಡೆ

ಕ್ಷಮೆಯೇ ಮನುಷ್ಯನ ಅತ್ಯುನ್ನತ ಗುಣವೆಂದು ಲೋಕದ ಎಲ್ಲ ಧರ್ಮಗಳೂ ಸಾರುತ್ತವೆ. ಹಾಗೆ ಸಾರಿದ ಮಹನೀಯರ ಪೈಕಿ ಯಾರ ಮನೆಯ ಗಾರೆಯೂ ಪಕ್ಕದ ಮನೆಯ ನೀರಿಗೆ ಉದುರಿರಲಿಲ್ಲ ಎಂಬುದು ನನ್ನ ಗುಮಾನಿ.

ತೊಂಬತ್ತರ ದಶಕದ ಕೊನೆಯಲ್ಲಿ, ಚೆನ್ನೈನ ನುಂಗಂಬಾಕ್ಕಂನ ನಮ್ಮ ಹಳೆಯ ಬೀದಿಯಲ್ಲಿ, ಪಕ್ಕದ ಮನೆಯವರು ಮಹಡಿ ಎಬ್ಬಿಸಿದರು. ವಾಸ್ತು ಪಂಡಿತರೊಬ್ಬರ ಮಾತಿನಂತೆ ಬೀದಿಗಿದ್ದ ಮುಂಬಾಗಿಲನ್ನು ಮುಚ್ಚಿ, ನಮ್ಮ ಗೋಡೆಯ ಕಡೆಗೆ ತೇಗದ ಬಾಗಿಲಿಟ್ಟರು. ಮಹಡಿಯ ನೀರು ಬೀಳುವ ಕೊಳವೆಯನ್ನೂ ಅದೇ ಗೋಡೆಗೆ ತಿರುಗಿಸಿದರು. ಇದನ್ನು ಯಾವ ಪಂಡಿತರು ಹೇಳಿದ್ದರೋ ತಿಳಿಯದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಗಾರೆ ಉಬ್ಬಿತು, ಬಿರಿಯಿತು, ಹಾಳೆ ಹಾಳೆಯಾಗಿ ಕಳಚಿತು. ಒಳಗೆ ತೇವ ಹತ್ತಿ ನಾವು ಮಂಚವನ್ನು ಹಾಲಿಗೆ ಸಾಗಿಸಿದೆವು.

"ಎನ್ನ ಸಾರ್, ನಿಮ್ಮನೆಗೆ ಚರ್ಮರೋಗಾನಾ?" ಎಂದು ಆ ಮಹಾಶಯರು ತಮ್ಮ ತಮಿಳಿನಲ್ಲಿ ವಿಚಾರಿಸಿದರು. ತಮ್ಮ ಹಾಸ್ಯಕ್ಕೆ ತಾವೇ ನಕ್ಕರು.

ರಿಪೇರಿಗೆ ಹೊರಗಿನಿಂದ ಬಿದಿರಿನ ಸಾರುವೆ ಕಟ್ಟಬೇಕು. ಕಟ್ಟಲು ಜಾಗವಿದ್ದುದು ಅವರ ಅಂಗಳದಲ್ಲಿ ಮಾತ್ರ. ವಿನಯದಿಂದ ಕೇಳಿದೆ.

"ಅಲ್ಲಿ ಹೊಸದಾಗಿ ಮಾರ್ಬಲ್ ಹಾಕ್ಸಿದೀನಿ, ಸಾರ್. ನಿಮ್ಮ ಗೋಡೆ ತಾನೆ? ನಿಮ್ಮ ಕಡೆಯಿಂದಲೇ ಮಾಡಿಸ್ಕೊಳ್ಳಿ."

ಗೋಡೆಯ ಹೊರಮೈಗೆ ಒಳಗಿನಿಂದ ಗಾರೆ ಮಾಡುವ ವಿದ್ಯೆ ನಮ್ಮ ಮೇಸ್ತ್ರಿಗೆ ಒಲಿದಿರಲಿಲ್ಲ. ಆತ ಬೀದಿಯ ಬದಿಯಿಂದ ಕೈಗೆಟುಕಿದ ಎರಡಡಿ ಕೆತ್ತಿ ಉಳಿ ಕೆಳಗಿಟ್ಟ. "ಅಂದಹಾಗೆ ಕೆಲಸ ಶುರುವಾದ ಮೇಲೆ ದೃಷ್ಟಿಗೊಂಬೆ ಕಟ್ಟಬೇಕು ಸಾರ್. ಬಣ್ಣ ಹೊಡೆದು ಮುಗಿಯೋವರೆಗೂ ಇಳಿಸೋ ಹಾಗಿಲ್ಲ. ಒಂದು ಚಿಕ್ಕ ಮುಖ ಸಾಕು."

ಜೀವಮಾನದಲ್ಲಿ ದೃಷ್ಟಿ ದೋಷವನ್ನು ನಂಬದ ನಾನು ಆ ಗಳಿಗೆಯಲ್ಲಿ ಪರಮ ಆಸ್ತಿಕನಾದೆ. ಪ್ಯಾರೀಸ್ ಕಾರ್ನರಿನ ಪೇಟೆಗೆ ಹೋಗಿ ಅಂಗಡಿಯಲ್ಲಿದ್ದವುಗಳಲ್ಲೆಲ್ಲ ದೊಡ್ಡ ಮುಖವನ್ನು ತಂದೆ: ಕೆಂಪು ನಾಲಗೆ, ಕೋರೆಹಲ್ಲು, ತಟ್ಟೆಯಗಲದ ಕಣ್ಣು.

"ಇದು ಹತ್ತು ಮಹಡಿ ಕಟ್ಟಡಕ್ಕೆ ಕಟ್ಟೋದು ಸಾರ್!" ಎಂದ ಮೇಸ್ತ್ರಿ.

"ನಮ್ಮ ಗೋಡೆಗೆ ತಗುಲಿರೋ ದೃಷ್ಟಿ ಅಷ್ಟು ದೊಡ್ಡದು," ಎಂದೆ.

ತಾರಸಿಯಿಂದ ಇಳಿಬಿಟ್ಟು, ತೇಗದ ಬಾಗಿಲಿಗೆ ನೇರ ಎದುರಾಗಿ ಪ್ರತಿಷ್ಠಾಪಿಸಿದೆವು. ಬಾಗಿಲು ತೆರೆದವರಿಗೆಲ್ಲ ಮೊದಲ ದರ್ಶನ ಅದರದೇ.

"ಈ ವಯಸ್ಸಲ್ಲಿ ಇದೆಂಥ ಹಟಾರೀ?" ಎಂದಳು ಹೆಂಡತಿ. ಆದರೂ ಹಾಲಿನಿಂದ ಎದ್ದು ಹೋಗಿ ನೋಡಿ, "ಇನ್ನೊಂಚೂರು ಎಡಕ್ಕೆ," ಎಂದಳು.

ಒಂಬತ್ತನೆಯ ದಿನ ಪಕ್ಕದವರು ಖುದ್ದಾಗಿ ಬಂದರು.

"ಸಾರ್, ಅದನ್ನ ಸ್ವಲ್ಪ ಬೀದಿ ಕಡೆ ತಿರುಗಿಸಬಾರದಾ? ಬೆಳಗ್ಗೆ ಎದ್ದ ಕೂಡಲೇ ಅದೇ ಮೂತಿ."

"ಕೆಲಸ ನಡೆಯೋ ಗೋಡೆ ಮೇಲೇ ಇರಬೇಕಲ್ಲ. ನಿಮಗೆ ನಾನು ಹೇಳಬೇಕಾ? ಮಹಡಿ ಕಟ್ಟುವಾಗ ನೀವೂ ಕಟ್ಟಿದ್ರಿ."

"ಯಾವಾಗ ತೆಗೀತೀರಿ?"

"ಕೆಲಸ ಮುಗಿದ ದಿನ."

"ಅದು ಯಾವಾಗ ಮುಗಿಯುತ್ತೆ?"

"ಸಾರುವೆಗೆ ಜಾಗ ಸಿಕ್ಕಿದ ಮೇಲೆ."

ಅವರು ಮುಖವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲವೇನೋ. ಮರುದಿನ ತಮ್ಮ ಮಾರ್ಬಲ್ಲಿಗೆ ತಾವೇ ಗೋಣಿಚೀಲ ಹಾಸಿ, ಕೊಳವೆಯನ್ನೂ ತಮ್ಮ ಕಡೆಗೆ ತಿರುಗಿಸಿಕೊಂಡರು.

ಮೇಸ್ತ್ರಿ ಸಡಿಲ ಗಾರೆಯನ್ನೆಲ್ಲ ಕೆತ್ತಿ, ಇಟ್ಟಿಗೆಗೆ ನೀರು ಕುಡಿಸಿ, ಎರಡು ಪದರ ಪ್ಲಾಸ್ಟರ್ ಮಾಡಿದ. ವಾರವಿಡೀ ಬೆಳಗ್ಗೆ ಸಂಜೆ ನಾನೇ ತಾರಸಿಯಿಂದ ನೀರು ಹೊಯ್ದೆ, ಅಗತ್ಯಕ್ಕಿಂತ ತುಸು ಧಾರಾಳವಾಗಿ. ಅಕ್ಟೋಬರಿನ ಮಳೆ ಬರುವ ಮೊದಲೇ ಗೋಡೆ ಗಟ್ಟಿಯಾಯಿತು. ಮಂಚ ಕೋಣೆಗೆ ಮರಳಿತು.

"ಬಣ್ಣ ಹೊಡೆದರೆ ಮುಗೀತು ಸಾರ್, ಮುಖ ಇಳಿಸಬಹುದು," ಎಂದ ಮೇಸ್ತ್ರಿ.

"ಗಾರೆ ಚೆನ್ನಾಗಿ ಒಣಗಲಿ," ಎಂದೆ.

ಆ ಗೋಡೆಗೆ ಆರು ವರ್ಷ ಬಣ್ಣ ಹೊಡೆಸಲಿಲ್ಲ.