ತಂಗಿ ಅಂದಾಗ ಒಂದು ಸಿಳ್ಳೆ

ತಿಂಗಳಿಗೊಂದು ಭಾನುವಾರ ನನ್ನ ಕೆಲಸ ಸುಳ್ಳು ಓದುವುದು. ಶಿವಾಜಿನಗರದ ಬಟ್ಟೆ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ ನಮ್ಮ ಗುಂಪು ಹಳೇ ಮೂಕಿ ಚಿತ್ರ ಹಾಕುತ್ತದೆ. ಎಂಥವು ಅಂದರೆ, ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಬಯಸಿದ ಕತೆಗಳು. ಆ ಕಾಲದಲ್ಲೇ ಯುರೋಪಿನ ಯಾರೋ ಪುಣ್ಯಾತ್ಮರು ಧೈರ್ಯ ಮಾಡಿ ತೆಗೆದವು. ಮಾತಿಲ್ಲದ ಚಿತ್ರವಾದ್ದರಿಂದ ನಡುನಡುವೆ ಪರದೆಯ ಮೇಲೆ ಬರಹದ ಫಲಕ ಬರುತ್ತದೆ. ನಾನು ಪಕ್ಕದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಹೇಳಬೇಕು. ಮುಂದಿನ ಸಾಲಿನವರು ಮುಖ ಗಂಟಿಕ್ಕಿದರೆ ದಖನಿ ಉರ್ದುವಿನಲ್ಲೋ ತಮಿಳಿನಲ್ಲೋ ಇನ್ನೊಮ್ಮೆ.

ಆ ಫಲಕಗಳಿವೆಯಲ್ಲ, ಮಹಾ ಕಳ್ಳ ಫಲಕಗಳು. ಇಬ್ಬರು ಹೆಂಗಸರ ಪ್ರೇಮಕ್ಕೆ ಕತ್ತರಿ ಹಾಕಿದರೆ ಚಿತ್ರವೇ ಉಳಿಯುವುದಿಲ್ಲ. ಹಾಗಾಗಿ ಇನ್ನೊಂದು ದೇಶಕ್ಕೆ ಕಳಿಸುವಾಗ ಮಾನವಂತರು ಬರಹ ಬದಲಿಸಿ ‘ಇವಳು ನನ್ನ ತಂಗಿ’ ಅಂತ ಅಂಟಿಸಿಬಿಡುತ್ತಿದ್ದರು. ಪರದೆಯಲ್ಲಿ ಒಬ್ಬಳ ಕತ್ತಿನ ಹಿಂದೆ ಇನ್ನೊಬ್ಬಳ ಬೆರಳು ಓಡಾಡುತ್ತಿದೆ, ಮರುಕ್ಷಣ ನೋಡಿದರೆ ತಂಗಿಯಂತೆ! ಅದಕ್ಕೇ ನಮ್ಮಲ್ಲೊಂದು ಪದ್ಧತಿ ಬೆಳೆದಿದೆ. ಫಲಕ ಸುಳ್ಳು ಹೇಳಿದಾಗಲೆಲ್ಲ ಸಭಿಕರು ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆಯಬೇಕು.

ನಾನು ಈ ಸುಳ್ಳನ್ನು ಚೆನ್ನಾಗಿ ಓದುತ್ತೇನೆಂದು ಎಲ್ಲರೂ ಹೊಗಳುತ್ತಾರೆ. ಹೊಗಳದೆ ಏನು, ಮನೆಯಲ್ಲಿ ದಿನವೂ ಅಭ್ಯಾಸವಿದೆ. ಹಲಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ನಾನು ಅಕ್ಕ, ನನ್ನವಳು ತಂಗಿ. ಅವಳು ರಾಯಚೂರಿನವಳು, ನಾನು ಬೆಂಗಳೂರು ದಂಡಿನಲ್ಲೇ ಹುಟ್ಟಿ ಬೆಳೆದವಳು. ಒಡಹುಟ್ಟಿದವರ ಮಾತು ಹೀಗೆ ಬೇರೆಬೇರೆ ಯಾಕೆಂದು ಯಾರಾದರೂ ಕೇಳಿದರೆ, ನಾನು ಅಜ್ಜಿ ಮನೆಯಲ್ಲಿ ಬೆಳೆದೆ ಎಂಬ ಉತ್ತರ ಸಿದ್ಧ. ಇದಕ್ಕೂ ಮೊದಲು ಕಲ್ಯಾಣ ನಗರದಲ್ಲಿ ‘ಫ್ರೆಂಡ್ಸ್’ ಎಂದಿದ್ದೆವು. ಅಷ್ಟಕ್ಕೇ ಅನುಮಾನ ಬಂದು ಮನೆ ಬಿಡಿಸಿದರು. ಮಂಚ, ಗ್ಯಾಸು, ಅವಳ ತುಳಸಿ ಕುಂಡ ಹೊತ್ತುಕೊಂಡು ಅಲೆದು ನಮಗೆ ಸಾಕೋ ಸಾಕಾಗಿತ್ತು.

ಇಲ್ಲಿ ಕೆಳಗಡೆ ಓನರ್ ಆಂಟಿ ಒಬ್ಬರೇ ಇದ್ದಾರೆ. ವಯಸ್ಸಾದವರು, ಮನೆಮಾತು ತಮಿಳು, ಕಿವಿ ಮಾತ್ರ ಪೊಲೀಸಿನದು. ಗೇಟಿಗೆ ‘ಬಾಡಿಗೆ ಫ್ಯಾಮಿಲಿಗೆ ಮಾತ್ರ’ ಎಂದು ಬರೆದ ತಗಡು. ಕೆ.ಆರ್. ಪುರದಿಂದ ಅವರ ತಮ್ಮ ಬಂದಾಗಲೆಲ್ಲ ಮಹಡಿ ನೋಡಿ, “ಮೇಲೆ ಯಾವ್ದಾದ್ರೂ ಒಳ್ಳೆ ಫ್ಯಾಮಿಲಿಗೆ ಕೊಡಕ್ಕಾ,” ಎಂದು ನಮಗೂ ತಿಳಿಯಲೆಂದೇ ಕನ್ನಡದಲ್ಲಿ ರಾಗ ಎಳೆಯುತ್ತಾನೆ. ನಾವು ಅಕ್ಕತಂಗಿಯರಲ್ಲ ಎಂದು ಗೊತ್ತಾದ ದಿನ ತುಳಸಿ ಕುಂಡ ಮತ್ತೆ ಬೀದಿಗೆ.

ಹೋದ ತಿಂಗಳು ಬಂದದ್ದು ಟೋಪಿ ಅಂಗಡಿಯ ಇಬ್ಬರು ಹುಡುಗಿಯರ ಚಿತ್ರ. ಮನೆಯಲ್ಲಿ ನಾನು ಜೋರಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ‘ತಂಗಿ’ ಎಂದಾಗಲೆಲ್ಲ ನನ್ನವಳು ಚಪಾತಿ ಲಟ್ಟಿಸುವುದು ಬಿಟ್ಟು ಸಿಳ್ಳೆ ಹೊಡೆಯುತ್ತಿದ್ದಳು. ಕೆಳಗಿನಿಂದ ಆಂಟಿ ಕೂಗಿದರು.

“ಏನಮ್ಮಾ ಅದು, ಹೆಣ್ಮಕ್ಳಿರೋ ಮನೇಲಿ ಸಿಳ್ಳೆ?”

“ಹಳೇ ಪಿಕ್ಚರ್ ಆಂಟಿ! ಭಾನುವಾರ ಓದ್ಬೇಕು, ಪ್ರಾಕ್ಟೀಸು.”

“ಪಿಕ್ಚರಾ? ಟಾಕೀಸಿಗೆ ಹೋಗಿ ಯಾವ ಕಾಲ ಆಯ್ತು! ನಾನೂ ಬರ್ತೀನಿ.”

ನನ್ನವಳ ಮುಖ ಸಪ್ಪಗಾಯಿತು. “ಮುಗೀತು ನಮ್ ಕಥಿ. ಮತ್ತ ಮನಿ ಹುಡುಕೂದು ಚಾಲೂ.”

“ಏನೂ ಆಗಲ್ಲ ಸುಮ್ನಿರೇ. ಫಲಕದಲ್ಲಿ ತಂಗಿ ಅಂತಾನೇ ಇದೆ. ಇದ್ದಿದ್ದು ಇದ್ದ ಹಾಗೇ ಓದ್ತೀನಿ.”

ಸಿಳ್ಳೆ ಬೇಡವೆಂದು ಗುಂಪಿನವರಿಗೆಲ್ಲ ಕೈ ಮುಗಿದೆ. ಪಾಪ, ಒಪ್ಪಿದರು.

ಆಂಟಿ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಚೀಲದಲ್ಲಿ ಚಕ್ಕುಲಿಯಂಥ ಮುರುಕು ತುಂಬಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಪಕ್ಕದಲ್ಲಿ ನನ್ನವಳು ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ಕನ್ನಡಿಯ ಮುಂದೆ ಒಬ್ಬಳು ಇನ್ನೊಬ್ಬಳಿಗೆ ಟೋಪಿ ತೊಡಿಸಿ, ಕೂದಲು ಸರಿಮಾಡಿ, ಸರಿಯಾದ ಮೇಲೂ ಮಾಡುತ್ತಲೇ ಇದ್ದಳು. “ನನ್ನ ಮುದ್ದು ತಂಗಿ,” ಎಂದು ಓದಿದೆ. ಹಾಲು ಗಪ್‌ಚಿಪ್. ಕುಂಬಳಕಾಯಿ ಕಳ್ಳನ ಹಾಗೆ ನನಗೆ ಮಾತ್ರ ಹೆಗಲು ಮುಟ್ಟಿ ನೋಡಿಕೊಳ್ಳಬೇಕೆನಿಸಿತು. ಆಂಟಿ ಮುರುಕು ಕಡಿಯುವ ಸದ್ದೊಂದೇ.

ಈ ಹಳೇ ಚಿತ್ರಗಳ ಮೇಲೆ ನನಗೊಂದು ಸಿಟ್ಟಿದೆ. ನಮ್ಮಂಥವರು ಕೊನೆಗೆ ಸಾಯಲೇಬೇಕು. ರೈಲು ಹತ್ತಿ ಹೋದರೆ ಅದೇ ದೊಡ್ಡ ಭಾಗ್ಯ. ಇದರಲ್ಲೂ ಊರವರ ಕಾಟಕ್ಕೆ ಒಬ್ಬಳು ರೈಲು ಹತ್ತಿದಳು. ಇನ್ನೊಬ್ಬಳು ಕಿಟಕಿ ಹಿಡಿದು ಓಡಿದಳು. ಫಲಕ ಬಂತು. “ತಂಗೀ, ನಾನಿಲ್ಲದೆ ಸುಖವಾಗಿರು,” ಎಂದು ಓದಿದೆ.

ಸಿಳ್ಳೆ ಬಿತ್ತು. ಅಂಥಿಂಥದ್ದಲ್ಲ, ಹಳೇ ಟಾಕೀಸಿನ ನೆಲದ ಕ್ಲಾಸಿನಲ್ಲಿ ಕೇಳಿಬರುತ್ತಿದ್ದಂಥ ಪಕ್ಕಾ ಸಿಳ್ಳೆ. ನಾನು ಗುಂಪಿನ ಹುಡುಗರನ್ನು ಗುರಾಯಿಸಿದೆ. ಅವರೆಲ್ಲ ಮುಂದಿನ ಸಾಲು ನೋಡುತ್ತಿದ್ದರು. ಆಂಟಿ ಬಾಯಿಂದ ಎರಡು ಬೆರಳು ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಕೇಳಬೇಕೆ, ಇಡೀ ಹಾಲು ಹುಚ್ಚೆದ್ದು ಸಿಳ್ಳೆ ಹೊಡೆಯಿತು.

ಹಿಂದಿರುಗುವಾಗ ಆಟೋದಲ್ಲಿ ಆಂಟಿ ನಮ್ಮಿಬ್ಬರ ನಡುವೆ ಕುಳಿತಿದ್ದರು.

“ತಂಗಿ ಅಂದಾಗೆಲ್ಲ ಮೇಲೆ ಇವಳು ಸಿಳ್ಳೆ ಹಾಕ್ತಿದ್ಲಲ್ಲ, ಅಲ್ಲೇ ಹಾಕೋದು ಅಂತ ತಿಳ್ಕೊಂಡೆ. ಪಿಕ್ಚರ್ ಪೂರ್ತಿ ಒಂದು ಜಗಳ ಇಲ್ಲ. ಒಡಹುಟ್ಟಿದವರಾಗಿದ್ರೆ ಆ ಟೋಪಿಗೆ ಜುಟ್ಟು ಜುಟ್ಟು ಹಿಡ್ಕೊಳ್ತಿದ್ರು ಕಣಮ್ಮ!”

ಆಂಟಿ ನನ್ನ ಕಡೆ ತಿರುಗಿದರು.

“ಇವಳಪ್ಪ ತೀರಿಕೊಂಡಾಗ ನೀವಿಬ್ರೂ ಊರಿಗೆ ಹೋಗಿ ಬಂದ್ರಲ್ಲ. ಅದಾದ ತಿಂಗಳಿಗೇ ಯುಗಾದಿ. ಒಬ್ಬಟ್ಟು ಮಾಡಿ, ತುಪ್ಪ ಹಾಕಿ, ನಗ್ತಾ ನಗ್ತಾ ತಂದ್ಕೊಟ್ಟೆ ನೀನು. ಅಪ್ಪ ಸತ್ತ ವರ್ಷ ಯಾವ ಮಗಳಮ್ಮಾ ಹಬ್ಬ ಮಾಡ್ತಾಳೆ?”

ಅಯ್ಯೋ ನನ್ನ ಬುದ್ಧಿಗಿಷ್ಟು! ಇಷ್ಟು ವರ್ಷ ಅಜ್ಜಿ ಮನೆಯ ಕತೆಗೆ ಬಣ್ಣ ಹಚ್ಚಿದವಳಿಗೆ ಇದೊಂದು ಹೊಳೆದಿರಲಿಲ್ಲ.

“ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಗೊತ್ತಾಗಲ್ವಾ?” ಎಂದರು. ಆಮೇಲೆ ದನಿ ತಗ್ಗಿಸಿದರು. “ಇವಳು ಅವತ್ತು ಒಬ್ಬಟ್ಟು ಮುಟ್ಲಿಲ್ಲ. ಮೆಟ್ಟಿಲ ಮೇಲೆ ಕೂರಿಸ್ಕೊಂಡು ಅನ್ನ ಸಾರು ಕಲಸಿ ತಿನ್ನಿಸ್ತಿದ್ದೆ ನೀನು. ಅದನ್ನೂ ನೋಡ್ದೆ.”

ನನ್ನವಳು ಅಳುತ್ತಿದ್ದಳು. “ಮನಿ ಖಾಲಿ ಮಾಡಬೇಕೇನ್ರೀ?” ಎಂದು ಕೇಳಿಯೇಬಿಟ್ಟಳು. ಅಷ್ಟರಲ್ಲಿ ಆಟೋ ಮನೆ ಮುಂದೆ ನಿಂತಿತು.

ಗೇಟಿನಲ್ಲಿ ಆಂಟಿಯ ತಮ್ಮ ಕಾಯುತ್ತಿದ್ದ. ನಾವು ಮೆಟ್ಟಿಲು ಹತ್ತುವುದನ್ನು ನೋಡಿ ಅವನ ರಾಗ ಶುರುವಾಯಿತು.

“ಇವರಿಬ್ರೂ ನಿಜವಾಗ್ಲೂ ಅಕ್ಕತಂಗೀನಾ ಅಂತೀನಿ? ನೋಡಿದ್ರೆ ಹಂಗನ್ಸಲ್ಲ. ಸುಮ್ನೆ ಯಾವ್ದಾದ್ರೂ ಫ್ಯಾಮಿಲಿಗೆ ಕೊಡಕ್ಕಾ.”

ನಾವಿಬ್ಬರೂ ಅರ್ಧ ಮೆಟ್ಟಿಲಲ್ಲೇ ನಿಂತೆವು. ಆಂಟಿ ಚೀಲದಿಂದ ಉಳಿದ ಮುರುಕು ತೆಗೆದು ಅವನ ಕೈಗಿಟ್ಟರು.

“ಫ್ಯಾಮಿಲಿಗೇ ಕೊಟ್ಟಿರೋದು ಕಣೋ. ಮೇಲ್ಗಡೆ ಇರೋದು ಫ್ಯಾಮಿಲಿ.”

ನಾನು ನನ್ನವಳ ಮುಖ ನೋಡಿದೆ. ಅವಳು ಸಿಳ್ಳೆ ಹಾಕಲಿಲ್ಲ.