ಎಲ್ನಾ ಎಸೆದ ಬೀಜ

ಚರ್ಚಿನಿಂದ ಕೆರೆಯವರೆಗಿನ ಮಣ್ಣುರಸ್ತೆ ಊರಿನವರದ್ದೇ. ವಸಂತ ಬಂದರೆ ಎಲ್ಲರೂ ಸೇರಿ ಅದರ ಗುಂಡಿ ಮುಚ್ಚಿ, ಕಾಫಿ ಕುಡಿದು, ಏಲಕ್ಕಿ ಬನ್ನು ತಿಂದು ಮನೆಗೆ ಹೋಗುತ್ತಾರೆ. ಅಂಚಿನ ಹುಲ್ಲು ಕೊಯ್ಯುವ ಕೆಲಸ ಮಾತ್ರ ಅರ್ವಿದನ ಪಾಲು. ಯಾರೂ ಹೊರಿಸಿದ್ದಲ್ಲ, ಅವನೇ ಹೊತ್ತುಕೊಂಡದ್ದು. ಸ್ಮೋಲಾಂಡ್ ಸೀಮೆಯ ಈ ಭಾಗದಲ್ಲಿ ಹಳೆಯ ಹುಲ್ಲುಗಾವಲುಗಳೆಲ್ಲ ಕಾಡಾಗಿ ಹೋದವು. ಅಲ್ಲಿದ್ದ ಹೂಗಳಿಗೆ ಈಗ ಉಳಿದಿರುವುದು ರಸ್ತೆಯ ಬದಿಯೊಂದೇ.

ಗಿಲಕಿಗಿಡದ ಒಣ ಕಾಯಿಗಳು ಕಾಲಿಗೆ ತಾಗಿ ಗಿಲಗಿಲ ಎನ್ನುವವರೆಗೆ ಅರ್ವಿದ್ ಕುಡುಗೋಲು ಮುಟ್ಟುತ್ತಿರಲಿಲ್ಲ. ಮೊದಲು ಬೀಜ ಉದುರಿ ಮಣ್ಣು ಸೇರಬೇಕು, ಆಮೇಲೆ ಕೊಯ್ಲು. ಕೊಯ್ದದ್ದನ್ನು ಅಲ್ಲೇ ಬಿಟ್ಟು ಬರುವಂತೆಯೂ ಇಲ್ಲ. ಹುಲ್ಲು ಕೊಳೆತರೆ ಮಣ್ಣು ಕೊಬ್ಬುತ್ತದೆ, ಕೊಬ್ಬಿದ ಮಣ್ಣಿನಲ್ಲಿ ಒರಟು ಹುಲ್ಲಿನದೇ ದರ್ಬಾರು. ಈ ಹೂಗಳಿಗೆ ಒಗ್ಗುವುದು ಬಡತನವೇ. ಮನುಷ್ಯರಲ್ಲೂ ಅಂಥವರಿದ್ದಾರೆ, ಅರ್ವಿದ್ ಅವರಲ್ಲೊಬ್ಬ.

ಗುಡ್ಡದ ತಿರುವಿನಲ್ಲಿ ಹಳದಿ ಹೂವಿನ ಗುಂಪೊಂದಿತ್ತು. ಎಸಳೆಲ್ಲ ಕೆದರಿಕೊಂಡು, ತಲೆ ಬಾಚದವರ ಹಾಗೆ ನಿಲ್ಲುವ ಹೂವು. ಊರಿನಲ್ಲಿ ಅದಕ್ಕೆ 'ಹುಲ್ಲು ಕೊಯ್ಯೋ ಮುದುಕ' ಎಂದೇ ಹೆಸರು. "ನಿನ್ನ ನೆಂಟರು ಅರಳಿದಾರೆ, ಹೋಗಿ ಮಾತಾಡಿಸ್ಕೊಂಡು ಬಾ" ಎಂದು ಹೆಂಡತಿ ಎಲ್ನಾ ರೇಗಿಸುತ್ತಿದ್ದಳು.

ಅದೇ ತಿರುವಿನಲ್ಲಿ ಲುಪಿನ್ ಎಂಬ ಹೂಗಿಡದ ಬೀಜ ಎಸೆದವಳೂ ಅವಳೇ. ಅಂಗಡಿಗೆ ಸೈಕಲ್ಲಿನಲ್ಲಿ ಹೋಗುವಾಗ ಕೋಟಿನ ಜೇಬಿಗೆ ಕೈ ಹಾಕಿ, ಕೋಳಿಗೆ ಕಾಳು ಎರಚುವಂತೆ ಎರಚುತ್ತಿದ್ದಳು. ಆಗಿನ ಹೆಂಗಸರೆಲ್ಲ ಹಾಗೇ, ರಸ್ತೆ ಚೆಂದ ಕಾಣಲಿ ಎಂಬ ಆಸೆ. ಚೆಂದವೇನೋ ಆಯಿತು, ಜೂನಿನಲ್ಲಿ ನೇರಳೆ ಗುಲಾಬಿ ಬಣ್ಣ ತಿರುವನ್ನೆಲ್ಲ ತುಂಬಿತು. ಆದರೆ ಲುಪಿನ್ ಪರದೇಶದ ಗಿಡ. ನಿಂತಲ್ಲಿ ಮಣ್ಣನ್ನು ಕೊಬ್ಬಿಸಿ, ಅಗಲ ಎಲೆ ಹರಡಿ, ಕೆಳಗಿನವುಗಳ ಉಸಿರು ಕಟ್ಟಿಸುತ್ತದೆ. ಅದನ್ನು ಬೀಜ ಕಟ್ಟುವ ಮುಂಚೆ, ಹೂವಿರುವಾಗಲೇ ಕೊಯ್ಯಬೇಕು. ಇಷ್ಟೆಲ್ಲ ಊರಿಗೆ ತಿಳಿಯುವ ಹೊತ್ತಿಗೆ ಎಲ್ನಾ ತೀರಿಕೊಂಡಿದ್ದಳು.

ಆಮೇಲೆ ಪ್ರತಿ ಜೂನಿನಲ್ಲೂ ಅರ್ವಿದ್ ಕುಡುಗೋಲು ಮಸೆದು ತಿರುವಿಗೆ ಹೋಗುತ್ತಿದ್ದ, ಸುಮ್ಮನೆ ನಿಂತು ವಾಪಸಾಗುತ್ತಿದ್ದ. ಊರವರೂ ಆ ಮಾತೆತ್ತಲಿಲ್ಲ. ಎದುರಾದರೆ ಬಿಸಿಲು, ಚಳಿ ಎಂದು ಏನೋ ಹೇಳಿ ಜಾರಿಕೊಳ್ಳುತ್ತಿದ್ದರು. ದಯೆಯೇ ಇರಬಹುದು, ಆದರೆ ಅಂಥ ದಯೆಯಿಂದ ಒಂಟಿಯಾದವನು ಇನ್ನೂ ಒಂಟಿಯಾಗುತ್ತಾನೆ. ಮನೆಯಲ್ಲಿ ಅವನ ಕೈ ಇನ್ನೂ ಇಬ್ಬರಿಗಾಗುವಷ್ಟು ಕಾಫಿಗೆ ನೀರಿಡುತ್ತಿತ್ತು. ಬಾಗಿಲ ಬಳಿಯ ಗೂಟದಲ್ಲಿ ಅವಳ ಬೂದು ಕೋಟು ನೇತಾಡುತ್ತಿತ್ತು.

ಈ ಬೇಸಿಗೆ ಲುಪಿನ್ ಎಲೆ ಸರಿಸಿ ನೋಡಿದರೆ ಆ ಹಳದಿ ಹೂವಿನ 'ಮುದುಕರ' ಗುಂಪಿನಲ್ಲಿ ಒಂದೇ ಗಿಡ ಉಳಿದಿತ್ತು, ಅದೂ ಬಿಳಿಚಿಕೊಂಡು. ಅರ್ವಿದ್ ಮಂಡಿಯೂರಿ ಕೂತುಬಿಟ್ಟ. ಆ ದಾರಿಯಲ್ಲೇ ಬಂದ ಮೆರ್ಟಾ ಸೈಕಲ್ ನಿಲ್ಲಿಸಿದಳು. ರಸ್ತೆ ಸಂಘದ ಯಜಮಾನಿಕೆ ಅವಳದು, ಎಲ್ನಾಳ ಗೆಳತಿಯೂ ಹೌದು.

"ಇದೊಂದೇ ಉಳಿದಿರೋದು" ಎಂದ ಅರ್ವಿದ್.

"ನಿಂಗೋಸ್ಕರ ಅಂತ್ಲೇ ನಾವ್ಯಾರೂ ಲುಪಿನ್ ಮುಟ್ಲಿಲ್ಲ ಕಣೋ. ಮನೇಲಿರು, ನಾನೇ ಕೊಯ್ತೀನಿ."

"ಬೇಡ. ಬೇರೆಯವ್ರ ಕೈಯಲ್ಲಿ ಬೇಡ."

ಮೆರ್ಟಾ ಲುಪಿನ್ ದಂಟೊಂದನ್ನು ಬಗ್ಗಿಸಿ ನೋಡಿದಳು. "ಒಂದು ಸಲಕ್ಕೆ ಮುಗಿಯಲ್ಲ. ಅವಳು ಎಸೆದಿದ್ದು ಮಣ್ಣಲ್ಲಿ ಇನ್ನೂ ಜೀವ ಹಿಡ್ಕೊಂಡಿರತ್ತೆ. ವರ್ಷಾ ವರ್ಷಾ ಮೊಳೀತಾವೆ."

"ಮೊಳೀಲಿ" ಎಂದ ಅರ್ವಿದ್. "ವರ್ಷಾ ವರ್ಷಾ ಬರ್ತೀನಿ."

ಅವಳು ಹೋದ ಮೇಲೆ ಕೊಯ್ದ. ಅಳುತ್ತಲೇ ಕೊಯ್ದ, ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಕಣ್ಣೊರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ತಡವಾಗಿತ್ತು, ಹೂವಿನ ಕೆಳಗೆ ಆಗಲೇ ಹಸಿರು ಕಾಯಿ ಬಲಿಯುತ್ತಿದ್ದವು. ಎಲ್ಲವನ್ನೂ ಬಾಚಿ ಒಯ್ದು ಸುಟ್ಟ. ಒಂದು ಹಿಡಿಯನ್ನು ಮಾತ್ರ ಅಡುಗೆಮನೆಯ ಮೇಜಿನ ಮೇಲೆ ನೀರಿಗಿಟ್ಟ. ನೀರು ಆರಿತು, ಹೂವು ಬಾಡಿತು, ಅವನಿಗೆ ಎಸೆಯಲಾಗಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಅವನು ಹಜಾರದಲ್ಲಿದ್ದಾಗ ಅಡುಗೆಮನೆಯಿಂದ ಚಟ್ ಎಂದು ಸದ್ದಾಯಿತು, ಹಿಂದೆಯೇ ನೆಲದ ಮೇಲೆ ಏನೋ ಉರುಳಿತು.

"ಏನೇ ಅದು?" ಎಂದು ಕೇಳಿಯೇಬಿಟ್ಟ.

ಬಿಸಿಲಿಗೆ ಒಣಗಿದ ಲುಪಿನ್ ಕಾಯಿ ಸಿಡಿದಿತ್ತು. ಅವನು ನೋಡುತ್ತಿದ್ದಂತೆ ಇನ್ನೊಂದು ಸಿಡಿಯಿತು. ಎಲ್ಲ ಸಿಡಿದು ಮುಗಿಯುವವರೆಗೆ ಕುರ್ಚಿ ಎಳೆದುಕೊಂಡು ಕೂತಿದ್ದ. ಆಮೇಲೆ ನೆಲದ ಮೇಲಿಂದ ಬೀಜಗಳನ್ನು ಒಂದೂ ಬಿಡದೆ ಆಯ್ದು, ಒಲೆಗೆ ಹಾಕಲೆಂದು ಎದ್ದವನು ಬಾಗಿಲ ಬಳಿಗೆ ಹೋದ. ಬೂದು ಕೋಟಿನ ಜೇಬಿಗೆ ಕೈ ಇಳಿಸಿದಾಗ ತಳದ ಹೊಲಿಗೆಯಲ್ಲಿ ಅವಳ ಕಾಲದ ಬೀಜಗಳು ಬೆರಳಿಗೆ ತಾಗಿದವು. ಇವನ್ನೂ ಅವುಗಳ ಜೊತೆ ಹಾಕಿ, ಜೇಬಿನ ಗುಂಡಿ ಬಿಗಿದು, ಹುಲ್ಲು ಕೊಯ್ಯಲು ಹೋದ.