ಸುಮ್ಮನಾದ ಜೀನಿಗೆ ಮುನಿಯಮ್ಮನ ಮದ್ದು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ರಕ್ತದ ಕ್ಯಾನ್ಸರ್ ಕುರಿತು ಸಂಶೋಧನೆ ಮಾಡುತ್ತಿದ್ದೆ. ನಮ್ಮ ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಹೋಗಿದ್ದ ಮುನಿಯಮ್ಮ ಆರು ತಿಂಗಳಿಂದ ತಪಾಸಣೆಗೆ ಬಂದಿರಲಿಲ್ಲ. ಅಳುಕುತ್ತಲೇ ಕ್ಯಾಸಂಬಳ್ಳಿಯ ಅವಳ ಮನೆಗೆ ಹೋದೆ. ಬಾಗಿಲಲ್ಲಿದ್ದ ಗಂಡ, "ಓಗ್ಬುಟ್ಲಲ್ಲಮ್ಮಾ" ಅಂದ. ನನ್ನ ಕಣ್ಣು ತುಂಬಿತು. ಅವನು ಗಾಬರಿಯಾಗಿ, "ಡೇರಿಗೆ ಕಣಮ್ಮಾ, ಆಲು ಆಕಕ್ಕೆ" ಅಂದ.

ಅಷ್ಟರಲ್ಲಿ ಅವಳೇ ಖಾಲಿ ಕ್ಯಾನು ಹಿಡಿದು ನಗುತ್ತಾ ಬಂದಳು. ಪರೀಕ್ಷೆಗೆ ರಕ್ತ ತೆಗೆಯುತ್ತಾ ಹೇಳಿದೆ: "ಈ ಕಾಯಿಲೆ ತಡೆಯೋ ಕೆಲವು ಜೀನುಗಳು ಕೆಟ್ಟೇ ಇರಲ್ಲ. ಕೆಲಸ ಬಿಟ್ಟು ಸುಮ್ಮನಾಗಿರ್ತವೆ, ಅಷ್ಟೇ. ಅವನ್ನ ಎಬ್ಬಿಸೋದು ಹೇಗೆ ಅಂತ ನೋಡ್ತಿದ್ದೀವಿ."

"ಮೊದ್ಲೇ ಯೋಳಿದ್ರೆ ನಾನೇ ಗದರಿಸ್ತಿದ್ನಲ್ಲಮ್ಮಾ" ಅಂದಳು.

ನಮ್ಮ ಪ್ರೊಫೆಸರಿಗೆ ಅದನ್ನೇ ಹೇಳಿದೆ. ಅವರು ನಗಲಿಲ್ಲ; ಯಾವ ಭಾಷೆಯಲ್ಲಿ ಗದರಿಸುತ್ತಾಳೆ ಎಂದು ಕೇಳಿದರು.